ಕಾಲು ಮುಂದಾಗಿ ಹುಟ್ಟಿದವಳು

ಹುಟ್ಟುವಾಗ ನಾನು ತಲೆಗಿಂತ ಮೊದಲು ಕಾಲು ಹೊರಗೆ ಹಾಕಿದೆನಂತೆ. ಅಂಥವರು ತುಳಿದರೆ ಹಿಡಿದ ಸೊಂಟ ಬಿಡುತ್ತದೆ ಎಂಬ ನಂಬಿಕೆ ನಮ್ಮ ಹೊಸನಗರದ ಕಡೆ ಗಟ್ಟಿಯಾಗಿತ್ತು. ಹೆಣ್ಣುಮಕ್ಕಳು ಎದುರು ನಿಂತು ಮಾತಾಡಿದರೇ ಸಿಟ್ಟಾಗುವ ಹಿರಿಯರು, ಸೊಂಟ ಹಿಡಿದ ದಿನ ನಮ್ಮ ಜಗಲಿಯಲ್ಲಿ ಬೋರಲು ಮಲಗಿ, "ಬಾ ಮಗಾ, ಮೂರು ಸಲ ತುಳಿ" ಎನ್ನುತ್ತಿದ್ದರು. ತುಳಿಯುತ್ತಿದ್ದೆ, ಕೆಲವರಿಗೆ ಬೇಕೆಂದೇ ಜೋರಾಗಿ.

ಎಪ್ಪತ್ತರ ದಶಕದಲ್ಲಿ ದೈಹಿಕ ಶಿಕ್ಷಣ ಓದಲು ಹೋದೆ. ಆಟಗಾರರ ಬೆನ್ನು, ಕೀಲುಗಳನ್ನು ಕೈಯಿಂದಲೇ ಸರಿಪಡಿಸುವ ಕೈರೊಪ್ರಾಕ್ಟಿಕ್ ಎಂಬ ವಿದ್ಯೆಯಲ್ಲಿ ಅಲ್ಲಿನ ಗುರುಗಳೊಬ್ಬರು ಪಳಗಿದ್ದರು. ದುಂಬಾಲು ಬಿದ್ದು ಕಲಿತೆ. ಅವರು ಮೊದಲು ಕಲಿಸಿದ್ದು ಯಾವ ಬೆನ್ನಿಗೆ ಕೈ ಹಾಕಬಾರದು ಎಂಬುದನ್ನು.

ಸಾಗರದ ಕಾಲೇಜಿಗೆ ಉಪನ್ಯಾಸಕಿಯಾಗಿ ಬಂದ ಮೇಲೆ ಹುಡುಗರ ಉಳುಕು ತೆಗೆಯತೊಡಗಿದೆ. ಹೆಂಗಸು ಗಂಡುಹುಡುಗರ ಬೆನ್ನು ಮುಟ್ಟುವುದೇ ಎಂದು ಪ್ರಾಂಶುಪಾಲರು ಎರಡು ಸಲ ಕರೆಸಿ ಬೈದರು. ನಾನು ಸೊಪ್ಪು ಹಾಕಲಿಲ್ಲ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಅದು ಅವರ ಕೈಯಲ್ಲಿತ್ತು.

ಆ ವರ್ಷ ತೀರ್ಥಹಳ್ಳಿಯಲ್ಲಿ ಅಂತರ ಕಾಲೇಜು ಕಬಡ್ಡಿ. ಸೆಮಿಫೈನಲ್ ಗೆದ್ದೆವು, ಆದರೆ ನಮ್ಮ ನಾಯಕ ಬೆನ್ನಿನ ಮೇಲೆ ಬಿದ್ದ. ಮಧ್ಯಾಹ್ನ ಫೈನಲ್. ನನ್ನ ಹುಟ್ಟಿನ ಕಥೆ ಇಡೀ ತಂಡಕ್ಕೆ ಗೊತ್ತಿತ್ತು. ನಾನು ಹೋಗುವಷ್ಟರಲ್ಲಿ ಅವನನ್ನು ಬೋರಲು ಮಲಗಿಸಿ ಕಾಯುತ್ತಿದ್ದರು.

"ಇಷ್ಟು ದಿನ ಮುಟ್ಟಬೇಡಿ ಅಂದೆ. ಇವತ್ತು ನಾನೇ ಹೇಳ್ತಿದೀನಿ, ತುಳೀರಿ ಮೇಡಂ," ಎಂದರು ಪಂದ್ಯ ನೋಡಲು ಬಂದಿದ್ದ ಪ್ರಾಂಶುಪಾಲರು.

ನಾನು ಅವನ ಕಾಲಬುಡದಲ್ಲಿ ಕೂತು ಕೇಳಿದೆ, "ಯಾವ ಬೆರಳು ಮುಟ್ತಿದೀನಿ, ಹೇಳು."

"ಮುಟ್ಟಿ ಮೇಡಂ, ಹೇಳ್ತೀನಿ."

ನಾನಾಗಲೇ ಅವನ ಹೆಬ್ಬೆರಳನ್ನು ಉಗುರಿನಿಂದ ಒತ್ತಿ ಹಿಡಿದಿದ್ದೆ. ಅವನಿಗೆ ಅದು ತಿಳಿದೇ ಇರಲಿಲ್ಲ; ಬೆನ್ನಿನ ನರಕ್ಕೆ ಪೆಟ್ಟಾಗಿತ್ತು, ಗುರುಗಳು ಕೈ ಹಾಕಬೇಡ ಎಂದಿದ್ದ ಬೆನ್ನು ಇಂಥದ್ದೇ. ನಾನು ಸುಮ್ಮನೆ ಪಾದ ತಾಗಿಸಿದರೂ ಸಾಕು, ವಾಸಿಯಾಯಿತೆಂದು ನಂಬಿ ಎದ್ದು ಅಂಕಣಕ್ಕೆ ಇಳಿಯುವ ಹುಡುಗ ಅವನು. ಇನ್ನೊಮ್ಮೆ ಬಿದ್ದರೆ ಆ ಕಾಲು ಹೋದಂತೆಯೇ.

"ತುಳಿಯಲ್ಲ. ಇವನು ಆಡೋದೂ ಇಲ್ಲ."

"ಒಂದೇ ಒಂದ್ಸಲ ಮೇಡಂ, ನೋವು ನಾ ತಡ್ಕತ್ತೀನಿ," ಎಂದು ಅವನು ಅತ್ತ.

"ನಿಮ್ಮ ಕೆಲಸದ ಬಗ್ಗೆ ಯೋಚನೆ ಮಾಡಿ," ಎಂದರು ಪ್ರಾಂಶುಪಾಲರು.

"ನೀವೇ ಯೋಚನೆ ಮಾಡಿ ಸರ್. ನಾನು ಗಾಡಿ ನೋಡ್ತೀನಿ."

ಅವನನ್ನು ಹಲಗೆಯ ಮೇಲೆ ಮಲಗಿಸಿ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದೆ. ಇತ್ತ ತಂಡ ಸೋತಿತು. ನನಗೆ ಮೆಮೊ ಬಂತು, ಖಾಯಂ ಆಗುವುದು ಎರಡು ವರ್ಷ ಮುಂದೆ ಹೋಯಿತು. ಅದಕ್ಕೆ ಇಂದಿಗೂ ಸಿಟ್ಟಿದೆ, ಪಶ್ಚಾತ್ತಾಪವಿಲ್ಲ.

ಮೂರು ತಿಂಗಳ ಮೇಲೆ ಅವನು ಕಾಲೇಜಿಗೆ ಬಂದ. ಕಾರಿಡಾರಿನಲ್ಲಿ ನನ್ನನ್ನು ಕಂಡು ಮುಖ ಗಂಟಿಕ್ಕಿದ.

"ಅವತ್ತು ನೀವು ತುಳಿದಿದ್ರೆ ಗೆಲ್ತಿದ್ವಿ."

"ಹಿಮ್ಮಡಿ ಮೇಲೆ ನಡೆದು ತೋರಿಸು," ಎಂದೆ. ನರ ಸೋತ ಕಾಲಿಗೆ ಅದು ಆಗದು.

ಪ್ರಾಂಶುಪಾಲರು ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹುಡುಗ ಎರಡೂ ಪಾದಗಳ ಬೆರಳೆತ್ತಿ, ನನ್ನನ್ನು ಬೈಯುತ್ತಲೇ, ಕಾರಿಡಾರಿನ ಕೊನೆಯವರೆಗೂ ನಡೆದ.

"ಬೈಕೋ," ಎಂದೆ. "ವಾಪಸ್ ಬರ್ತಾನೂ ಬೈಕೋ. ನಡ್ಕೊಂಡು ಬಾ."