ಏರಿ ದಾಟಿದ ಸರಪಳಿ

ನಮ್ಮ ಫಿರಂಗಿ ದಳದಲ್ಲಿ ಗುರಿ ತಪ್ಪದವರ ಹೆಸರುಗಳು ಬೇಕಾದಷ್ಟಿವೆ. ತಾವು ತಪ್ಪಿದ್ದೆಲ್ಲಿ ಎಂಬುದನ್ನು ತಾವೇ ಎದ್ದು ನಿಂತು ಹೇಳಿದವರ ಹೆಸರುಗಳು ವಿರಳ. ಮೂವತ್ತಾರು ವರ್ಷಗಳ ಸೇವೆಯ ಬಳಿಕ ಈ ಬೇಸಿಗೆಯಲ್ಲಿ ಯುದ್ಧಖಾತೆಯ ಮಂತ್ರಿಪದವಿಯಿಂದ ನಿವೃತ್ತರಾದ ಮಾನ್ಯ ಲುಬ್ಬರ್ಟ್ ಹಾಸ್‌ವೆಲ್ಟ್ ಅವರು ಈ ಎರಡೂ ಪಂಕ್ತಿಗಳಿಗೆ ಸೇರಿದವರು. ಗುಂಡಿನ ಪಥವನ್ನು ಕುರಿತ ಅವರ ಕೋಷ್ಟಕಗಳ ಬಗ್ಗೆ ನನಗಿಂತ ಬಲ್ಲವರು ಈ ಅಭಿನಂದನ ಸಂಪುಟದಲ್ಲಿ ಬರೆದಿದ್ದಾರೆ. ಅವರ ಕೈಕೆಳಗೆ ಭೂಮಾಪಕನಾಗಿ ದುಡಿದ ನಾನು ಒಂದು ಗಡಿಕಲ್ಲಿನ ಸಂಗತಿಯನ್ನಷ್ಟೇ ಹೇಳಬಲ್ಲೆ.

೧೮೯೨ರಲ್ಲಿ ಹಾಸ್‌ವೆಲ್ಟ್ ಅವರು ಇಪ್ಪತ್ತನಾಲ್ಕರ ಲೆಫ್ಟಿನೆಂಟ್. ಫೆಕ್ಟ್ ನದಿಯ ದಂಡೆಯ ಕೋಟೆಯೊಂದರಲ್ಲಿ ಅವರ ಮೊದಲ ನೇಮಕ. ಕೋಟೆಯಿಂದ ಮುನ್ನೂರು ಮೀಟರಿನೊಳಗೆ ಯಾರೂ ಇಟ್ಟಿಗೆಯ ಮನೆ ಕಟ್ಟುವಂತಿರಲಿಲ್ಲ, ಮರದ್ದೇ ಆಗಬೇಕಿತ್ತು. ಯುದ್ಧ ಬಂದರೆ ಒಂದೇ ದಿನದಲ್ಲಿ ಸುಟ್ಟು ತೋಪುಗಳಿಗೆ ಬಯಲು ಮಾಡಿಕೊಡಬೇಕಲ್ಲ! ಆ ಮುನ್ನೂರು ಮೀಟರನ್ನು ಸರಪಳಿಯಿಂದ ಅಳೆದು, ರಾಜಮುದ್ರೆಯ ಗಡಿಕಲ್ಲನ್ನು ನೆಡಿಸಿದವರು ಈ ತರುಣ ಅಧಿಕಾರಿ.

ಮೂರು ವರ್ಷಗಳ ತರುವಾಯ ಹಿಲ್ಲೆಗೊಂಡಾ ಸ್ಪೆಲ್ಟ್ ಎಂಬ ಅಗಸಗಿತ್ತಿ ಆ ಕಲ್ಲಿನಾಚೆಗೆ ಒಂದು ಮೊಳ ಬಿಟ್ಟು ಇಟ್ಟಿಗೆಯ ಮನೆ ಕಟ್ಟಿದರು. ಕೋಟೆಯ ಸುತ್ತಣ ಆ ಮುನ್ನೂರು ಮೀಟರಿನ ವೃತ್ತದೊಳಗಿದ್ದ ಅವರ ಹಿಂದಿನ ಮರದ ಮನೆ ಬಟ್ಟೆ ಬೇಯಿಸುವ ಹಂಡೆಯೊಲೆಯ ಕಿಡಿಗೆ ಉರಿದುಹೋಗಿತ್ತು. ಗಂಡನೂ ಅದರಲ್ಲೇ ಹೋದ. ಇನ್ನು ಮರದ ಗೋಡೆಗಳ ನಡುವೆ ಒಲೆ ಹಚ್ಚುವುದಿಲ್ಲವೆಂದು ಆಕೆ ಪಣ ತೊಟ್ಟಿದ್ದರು. ಹುಲ್ಲಿನ ಮೇಲೆ ಹರವಿದ ಬಿಳಿಯ ಬಟ್ಟೆಗೆ ಮಸಿ ಬೀಳದಿರಲೆಂದು ಚಿಮಣಿಯನ್ನು ಬಲು ಎತ್ತರಕ್ಕೆ ಎಬ್ಬಿಸಿದ್ದರು.

೧೯೧೪ರ ಆಗಸ್ಟಿನಲ್ಲಿ ಸೈನ್ಯ ಸಜ್ಜಾಯಿತು. ಮೇಜರ್ ಆಗಿದ್ದ ಹಾಸ್‌ವೆಲ್ಟ್ ಅವರು ಅದೇ ಕೋಟೆಗೆ ಮರಳಿದರು. ಹೊಸ ದೂರದರ್ಶಕ ಯಂತ್ರದಿಂದ ವೃತ್ತವನ್ನು ಮತ್ತೆ ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ಮೂರು ಸಲ ಅಳೆದೆ. ಮೂರು ಸಲವೂ ಗಡಿಕಲ್ಲು ಇರಬೇಕಾದುದಕ್ಕಿಂತ ಎರಡೂವರೆ ಮೀಟರು ಕೋಟೆಯ ಕಡೆಗಿತ್ತು. ಎಂದರೆ ಹಿಲ್ಲೆಗೊಂಡಾ ಅವರ ಮನೆಯ ಮುಂಭಾಗ, ಒಲೆಯ ಕೋಣೆಯ ಸಮೇತ, ನಿಷಿದ್ಧ ವೃತ್ತದ ಒಳಗಿತ್ತು.

ಅಳತೆಯ ಕಾಗದವನ್ನು ಮೇಜರರ ಮುಂದಿಟ್ಟೆ. ಅವರು ಹೊರನಡೆದು, ಕೋಟೆಗೂ ಕಲ್ಲಿಗೂ ನಡುವಿನ ನದಿಯ ಏರಿಯನ್ನು ಹತ್ತಿ ಇಳಿದು ಬಂದರು.

"ಸರಪಳೀನ ಏರಿ ಮೇಲೇ ಹಾಸಿಬಿಟ್ಟಿದ್ದೆ ಕಣಪ್ಪಾ. ಹತ್ತಿದ್ದು, ಇಳಿದಿದ್ದು, ಎಲ್ಲಾನೂ ದೂರ ಅಂತ ಎಣಿಸಿದೀನಿ."

ಗುಡ್ಡಗಾಡಿನ ಯಾವ ಭೂಮಾಪಕನೂ ಈ ತಪ್ಪು ಮಾಡುತ್ತಿರಲಿಲ್ಲ. ಸರಪಳಿಯನ್ನು ಮಟ್ಟವಾಗಿ ಹಿಡಿಯಬೇಕೆಂಬುದು ಅಲ್ಲಿ ಮೊದಲ ಪಾಠ. ನೆಲವೆಲ್ಲ ಮಣೆಯಂತಿರುವ ನಮ್ಮ ದೇಶದಲ್ಲಿ ಆ ಪಾಠ ಪುಸ್ತಕದಲ್ಲೇ ಉಳಿಯುತ್ತದೆ.

ವಿಷಯ ಕೇಳಿ ಕೋಟೆಯ ಕರ್ನಲ್ ಸಾಹೇಬರು ನಕ್ಕುಬಿಟ್ಟರು. "ಇಪ್ಪತ್ತೆರಡು ವರ್ಷದ ಹಿಂದಿನ ಸರಪಳಿ ಯಾರಿಗಯ್ಯಾ ಬೇಕು? ಆ ಹೆಂಗಸು ಒಳಗೆ ಕಟ್ಟಿದಾಳೆ, ಕೆಡವು, ಮುಗೀತು. ಬಡ್ತಿ ಪಟ್ಟೀಲಿ ನಿನ್ನ ಹೆಸರು ಎರಡನೇದು, ನೆನಪಿರ್ಲಿ."

ಆ ಸಂಜೆಯೇ ಹಾಸ್‌ವೆಲ್ಟ್ ಅವರು ತಪ್ಪು ತಮ್ಮದೆಂದು ಬರೆದು ರುಜು ಹಾಕಿ ಮೇಲಕ್ಕೆ ಕಳಿಸಿದರು. ಆಮೇಲೆ ನನ್ನನ್ನು ಕರೆದುಕೊಂಡು ಹಿಲ್ಲೆಗೊಂಡಾ ಅವರ ಮನೆಗೆ ಹೋದರು. ಸಂಗತಿ ಕೇಳಿದ ಆಕೆ ಸಾಬೂನು ನೊರೆಯ ಕೈಗಳಲ್ಲೇ ಬಾಗಿಲಿಗೆ ಅಡ್ಡ ನಿಂತರು.

"ಮೇಜರ್ರೇ, ಕಲ್ಲು ನೆಟ್ಟೋರು ನೀವೇ ತಾನೆ? ಕಲ್ಲು ನೋಡ್ಕೊಂಡು ನಾನು ಕಟ್ಟಿದೆ. ಈಗ ಕಲ್ಲೇ ಸುಳ್ಳು ಅಂತೀರಾ?"

"ಸುಳ್ಳಾಗಿದ್ದು ನನ್ನ ಅಳತೆ, ತಾಯಿ. ಮನೆ ಉಳಿಸೋಕೆ ದಾರಿ ಹುಡುಕ್ತೀನಿ. ಮೂರು ದಿನ ಕೊಡಿ."

"ಕೊಡೋಕೆ ನಾನ್ಯಾರು? ತೋಪು ಇರೋದು ನಿಮ್ಮ ಹತ್ರ."

ಆ ಮೂರು ದಿನ ಅವರು ಪ್ರತಿಯೊಂದು ತೋಪಿನ ದೃಷ್ಟಿರೇಖೆಯನ್ನೂ ಲೆಕ್ಕ ಹಾಕಿದರು. ಮನೆಯ ಹಿಂಬದಿ ಪಕ್ಕದ ಬುರುಜಿನ ತೋಪಿನ ಕಣ್ಣಿಗೆ ಬೀಳುತ್ತಿತ್ತು, ಶತ್ರು ಅಲ್ಲಿ ಅಡಗುವಂತಿರಲಿಲ್ಲ. ಸೂರು ರೇಖೆಗಿಂತ ಕೆಳಗಿತ್ತು. ಅಡ್ಡ ಬರುತ್ತಿದ್ದದ್ದು ಚಿಮಣಿಯ ಮೇಲಿನ ಎರಡು ಮೀಟರು ಮಾತ್ರ. ಅಷ್ಟನ್ನು ಇಳಿಸಿದರೆ ಮನೆ ಉಳಿಯಬಹುದೆಂದು ಕರ್ನಲ್ ಸಾಹೇಬರೂ ಒಪ್ಪಬೇಕಾಯಿತು. ಮನೆ ಉಳಿಯಿತು, ಬಡ್ತಿಯ ಪಟ್ಟಿಯಿಂದ ಮೇಜರರ ಹೆಸರು ಹೋಯಿತು, ಮತ್ತೆ ಬರಲು ನಾಲ್ಕು ವರ್ಷ ಹಿಡಿಯಿತು. ಹಿಲ್ಲೆಗೊಂಡಾ ಅವರು ಬಟ್ಟೆಗೆ ಗುರುತು ಹಾಕುವ ಮಸಿಯಿಂದಲೇ ಇಳಿಸಿದ ಇಟ್ಟಿಗೆಗಳಿಗೆಲ್ಲ ಅಂಕಿ ಬರೆದು ಕೊಟ್ಟಿಗೆಯಲ್ಲಿ ಜೋಡಿಸಿಟ್ಟರು. "ಇದನ್ನ ಮತ್ತೆ ಏರಿಸಿಕೊಡ್ತೀನಿ," ಎಂದು ಮೇಜರರು ಮಾತು ಕೊಟ್ಟರು.

ಯುದ್ಧ ನಮ್ಮ ಗಡಿ ದಾಟಿ ಬರಲಿಲ್ಲ. ಆದರೆ ಕೋಟೆಯ ನಿಯಮ ಉಳಿಯಿತು, ಮೋಟು ಚಿಮಣಿಯೂ ಉಳಿಯಿತು. ಪಡುವಣ ಗಾಳಿ ಬೀಸಿದ ದಿನ ಹೊಗೆ ನೇರ ಹುಲ್ಲಿಗಿಳಿದು ಬಟ್ಟೆಯೆಲ್ಲ ಕಪ್ಪು ಚುಕ್ಕಿ. ಆಕೆ ದಿನವೂ ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದು ನೋಡಿಯೇ ಬಟ್ಟೆ ಹರವುತ್ತಿದ್ದರು.

೧೯೨೨ರಲ್ಲಿ ಹಾಸ್‌ವೆಲ್ಟ್ ಅವರು ಮಂತ್ರಿಗಳಾದಾಗ ಒಂದು ರುಜುವಿನಿಂದ ಆ ಚಿಮಣಿ ಏರಬಹುದಿತ್ತು. ನಾನೇ ಅದನ್ನು ಸೂಚಿಸಿದೆ. "ನನ್ನ ತಪ್ಪು ಮುಚ್ಚೋಕೆ ಮಂತ್ರಿ ರುಜು ಯಾಕಪ್ಪಾ? ಇನ್ನೆಷ್ಟು ಕಲ್ಲು ಹೀಗೇ ಕೂತಿವೆಯೋ, ಮೊದಲು ನೋಡು," ಎಂದರು. ಹೀಗೆ ಏರಿ ದಾಟಿ ಅಳೆದ ಗಡಿಕಲ್ಲುಗಳನ್ನೆಲ್ಲ ಮರಳಿ ಅಳೆಯುವ ಸಮಿತಿಯೊಂದು ಹುಟ್ಟಿತು; ಮೊದಲ ಸುತ್ತಿನಲ್ಲೇ ತಪ್ಪಿದ್ದ ನಲವತ್ತೊಂದು ಕಲ್ಲುಗಳು ಸಿಕ್ಕವು. ಸರ್ಕಾರದ ಕಲ್ಲನ್ನು ನಂಬಿ ಕಟ್ಟಿದವರಿಗೆ ಕಲ್ಲಿನ ತಪ್ಪಿನ ಶಿಕ್ಷೆ ತಟ್ಟಕೂಡದು, ಕಟ್ಟಿದ್ದು ಕಟ್ಟಿದಂತೆಯೇ ಇರಬೇಕು ಎಂಬ ಮಸೂದೆಯನ್ನು ಅವರು ಸಭೆಯ ಮುಂದಿಟ್ಟ ದಿನ ವಿರೋಧಪಕ್ಷದ ಸದಸ್ಯರೊಬ್ಬರು ಎದ್ದು, "ಇಡೀ ದೇಶದಲ್ಲಿ ಒಂದು ಗುಡ್ಡ ಇಲ್ಲ, ಮಂತ್ರಿಗಳು ಮಾತ್ರ ಗುಡ್ಡ ಹತ್ತಿ ದಾರಿ ತಪ್ಪಿದಾರೆ!" ಎಂದು ಸಭೆಯನ್ನೇ ನಗಿಸಿದರು.

"ಗುಡ್ಡ ಅಲ್ಲ ಸ್ವಾಮಿ, ಏರಿ," ಎಂದರು ಹಾಸ್‌ವೆಲ್ಟ್. "ಅದು ಇರೋದಕ್ಕೇ ನೀವೂ ನಾನೂ ಕಾಲು ಒದ್ದೆ ಮಾಡ್ಕೊಳ್ದೆ ಇಲ್ಲಿ ಕೂತಿದೀವಿ."

ಮಸೂದೆ ಅಂಗೀಕಾರವಾಯಿತು. ತಮ್ಮ ಕೋಟೆಯ ಕಡತವನ್ನು ಮಾತ್ರ ಅವರು ಆ ನಲವತ್ತೊಂದರ ಪಟ್ಟಿಯ ಕೊನೆಗೆ ಇಡಿಸಿದ್ದರು. ಅದಕ್ಕೆ ರುಜು ಬಿದ್ದದ್ದು ಈ ಜೂನಿನಲ್ಲಿ, ಅವರ ಉತ್ತರಾಧಿಕಾರಿಯ ಕೈಯಿಂದ.

ಮರುವಾರ ಅವರು ಗಾರೆಯವನೊಬ್ಬನನ್ನು ಕರೆದುಕೊಂಡು ಫೆಕ್ಟ್ ದಂಡೆಗೆ ಹೊರಟರು; ನಾನೂ ಜೊತೆಗಿದ್ದೆ.

"ಬಂದ್ರಾ ಮೇಜರ್ರೇ," ಎಂದರು ಹಿಲ್ಲೆಗೊಂಡಾ. ಮಂತ್ರಿಗಳೇ ಎಂದು ಆಕೆ ಯಾವತ್ತೂ ಕರೆದವರಲ್ಲ. "ಮೂರು ದಿನ ಅಂದಿದ್ರಿ. ಹದಿನಾಲ್ಕು ವರ್ಷ ಆಯ್ತು."

"ಅಳತೇಲಿ ನಾನು ಮೊದಲಿಂದ್ಲೂ ಕಚ್ಚಾ, ತಾಯಿ."

ಅರವತ್ತರ ಆ ಹಿರಿಯರು ಕೋಟು ಬಿಚ್ಚಿಟ್ಟು, ಅಂಕಿಯ ಕ್ರಮದಲ್ಲಿ ಒಂದೊಂದೇ ಇಟ್ಟಿಗೆಯನ್ನು ಗಾರೆಯವನ ಬುಟ್ಟಿಗೆ ತುಂಬಿಸಿದರು. ಗಾರೆ ಆರಿದ ಮೇಲೆ, ಮತ್ತೊಂದು ವಾರಕ್ಕೆ ಒಲೆ ಹೊತ್ತಿತು. ಪಡುವಣ ಗಾಳಿಯೇ ಬೀಸುತ್ತಿತ್ತು. ಹಿಲ್ಲೆಗೊಂಡಾ ಬೆರಳು ಎತ್ತಿ ನೋಡಲಿಲ್ಲ. ದೊಡ್ಡ ಮೇಜುಹಾಸೊಂದನ್ನು ಕೊಡವಿ ಹುಲ್ಲಿನ ಮೇಲೆ ಹರವಿದರು. ಹಾಸ್‌ವೆಲ್ಟ್ ಅವರು ಅದರ ಪಕ್ಕದಲ್ಲೇ ಒಂದು ಗಂಟೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು.

"ಏಳಿ ಸಾಕು," ಎಂದು ಆಕೆ ಗದರಿದರು. "ಬಿಳೀನೇ ಇದೆ."

ಮರಳಿ ಅಳೆಯಬೇಕಾದ ಗಡಿಕಲ್ಲುಗಳು ನದಿಯ ಉದ್ದಕ್ಕೂ ಇನ್ನೂ ಇವೆ. ಸಮಿತಿಯ ಜೊತೆ ಕಾಲ್ನಡಿಗೆಯಲ್ಲೇ ಹೋಗುವುದಾಗಿ ಹಾಸ್‌ವೆಲ್ಟ್ ಅವರು ಆಗಲೇ ಹೇಳಿಬಿಟ್ಟಿದ್ದಾರೆ. ಆ ಏರಿಗಳನ್ನು ಹತ್ತಿ ಇಳಿಯುವ ಕಸುವು ಅವರ ಕಾಲುಗಳಿಗೆ ನೂರು ತುಂಬುವ ತನಕ ಇರಲಿ. ಈ ಸಂಪುಟವನ್ನು ಅವರ ಕೈಗಿಡುವ ದಿನ ಮೇಜಿನ ಮೇಲೆ ಹಾಸುವುದಕ್ಕೆ ಹಿಲ್ಲೆಗೊಂಡಾ ಅವರು ಆ ಬಟ್ಟೆಯನ್ನೇ ಇಸ್ತ್ರಿ ಮಾಡಿ ಕಳಿಸಿದ್ದಾರೆ.