ಬಚ್ಚಲ ನೀರಿನ ಅಂಜೂರ, ಊಟಿಯ ಕುಂಡ

ಎನ್. ಬೇಗೂರಿನ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ನಾನು ಟೀಚರ್. ಗಂಡ, ಮಗಳು, ಅತ್ತೆ ಕೆ.ಆರ್. ನಗರದಲ್ಲಿದ್ದಾರೆ. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ ಹಿಡಿದು, ಎಚ್.ಡಿ. ಕೋಟೆಯಲ್ಲಿ ಒಮ್ಮೆ, ಹುಣಸೂರಿನಲ್ಲಿ ಒಮ್ಮೆ ಇಳಿದು ಹತ್ತಿ ಮನೆ ಸೇರುವ ಹೊತ್ತಿಗೆ ದೀಪ ಹಚ್ಚಿರುತ್ತಾರೆ. ಭಾನುವಾರ ಊಟ ಮಾಡಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಹೊರಡುವ ಹೊತ್ತು. ಪ್ರತಿ ವರ್ಷ ವರ್ಗಾವಣೆಗೆ ಅರ್ಜಿ ಹಾಕುತ್ತೇನೆ. ನನ್ನ ಜಾಗಕ್ಕೆ ಬರುವವರು ಯಾರೂ ಇಲ್ಲ, ಆದ್ದರಿಂದ ನಾನು ಹೋಗುವಂತಿಲ್ಲ.

ಊರಿನ ಕೊನೆಯ ಮನೆಯ ಹಿಂಭಾಗದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಆ ಮನೆಯ ಹಿತ್ತಿಲಿನ ಆಚೆಗೆ ಹತ್ತಿ ಹೊಲ, ಹೊಲದ ಆಚೆಗೆ ಕಾಡು. ಮನೆಯೊಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಅವಳ ಗಂಡ ಹೊಲ ನೋಡಿಕೊಳ್ಳುತ್ತಿದ್ದರು, ಮಾತು ಕಮ್ಮಿ. ಅಕ್ಕನ ತವರು ಕೆ.ಆರ್. ನಗರದ ಹತ್ತಿರದ ಸಾಲಿಗ್ರಾಮ. ಬಾಣಂತನ ಮುಗಿಸಿಕೊಂಡು ತವರಿನಿಂದ ಬರುವಾಗ ಅಲ್ಲಿನ ಅಂಜೂರದ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಗುವಿನ ಜೊತೆ ಅದನ್ನೂ ಮಡಿಲಲ್ಲಿಟ್ಟುಕೊಂಡು ಬಂದಿದ್ದಳಂತೆ. ಬಚ್ಚಲಿನ ಗೋಡೆಯ ಪಕ್ಕ ನೀರು ಹರಿಯುವ ಕಡೆ ನೆಟ್ಟಿದ್ದಳು. ನಾನು ಬರುವಷ್ಟರಲ್ಲಿ ಅದು ಸೂರಿಗಿಂತ ಎತ್ತರವಾಗಿತ್ತು. ಅದರ ಬೇರು ಬಚ್ಚಲಿನ ಗೋಡೆಯನ್ನು ಸೀಳಿತ್ತು. ಎಲೆ ಕಿತ್ತರೆ ಹಾಲು ಸುರಿದು ಕೈಯೆಲ್ಲ ನವೆ. ಆದರೂ ಮಾಘದ ಚಳಿ ಇಳಿದು ಕಾಯಿ ಮೆತ್ತಗಾಗುವಾಗ, ಗಿಳಿ ಬಾವಲಿ ತಿಂದು ಉಳಿದದ್ದೇ ನಮ್ಮಿಬ್ಬರಿಗೆ ಸಾಕಾಗುತ್ತಿತ್ತು.

ನನ್ನ ಗಿಡದ ಸಂಗತಿ ಬೇರೆ. ಒಂದು ವರ್ಷ ಚಳಿಗಾಲದಲ್ಲಿ ಶಾಲೆಯ ಮಕ್ಕಳ ಪ್ರವಾಸಕ್ಕೆ ಊಟಿಗೆ ಹೋದಾಗ ಅಲ್ಲಿನ ನರ್ಸರಿಯಲ್ಲಿ ಒಂದು ಸೈಕ್ಲಮೆನ್ ಕುಂಡ ಕೊಂಡೆ. ಹೃದಯದಾಕಾರದ ಎಲೆ, ಅದರ ಮೇಲೆ ಬೆಳ್ಳಿಯ ಬಣ್ಣದ ಗೆರೆ, ಗುಲಾಬಿ ಬಣ್ಣದ ಹೂವು. ಮಣ್ಣಿನಲ್ಲಿ ಅರ್ಧ ಹೂತ ಗೆಡ್ಡೆಯ ಮೇಲೆ ನೀರು ಬೀಳಬಾರದು, ಕುಂಡವನ್ನು ತಟ್ಟೆಯಲ್ಲಿಟ್ಟು ಕೆಳಗಿನಿಂದ ಕುಡಿಸಬೇಕು ಎಂದು ನರ್ಸರಿಯವರು ಹೇಳಿದ್ದರು. ಬಿಸಿಲು ಬೇಡ, ಸೆಕೆ ಬೇಡ. ಚಳಿಗಾಲದಲ್ಲಿ ಹೂ ಬಿಟ್ಟು ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿಸಿ ಮಲಗುತ್ತದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ತಂದು, ಕೋಣೆಯ ಬಡಗಣ ಕಿಟಕಿಯಲ್ಲಿ ಇಟ್ಟೆ.

ಅಕ್ಕ ಬಂದು ಕುಂಡವನ್ನು ಸುತ್ತಲಿಂದಲೂ ನೋಡಿದಳು. "ಇದ್ಯಾವ ಗಿಡ ಟೀಚರಮ್ಮ? ಊವೆಲ್ಲ ಗಾಳೀಗೆ ಕೊಡೆ ಮಗುಚ್ಕಂಡಂಗದೆ. ಮುಡ್ಕಳಕಾಯ್ತದಾ?"

"ಇಲ್ಲಕ್ಕ."

"ಕಾಯಿ ಬುಡ್ತದಾ?"

"ಇಲ್ಲ. ಗೆಡ್ಡೆ ತಿಂದರೆ ವಿಷ."

"ಅಂಗಾರೆ ಇದನ್ನ ಯಾಕೆ ತಂದ್ರಿ?"

"ನೋಡೋಕೆ ಚೆನ್ನಾಗಿದೆ ಅಂತ" ಎಂದೆ. ಅಂಜೂರ ನೆಟ್ಟರೆ ನಾನು ಈ ಊರಲ್ಲೇ ಉಳಿಯುತ್ತೇನೆಂದು ಒಪ್ಪಿದಂತೆ. ಕುಂಡವಾದರೆ ಯಾವತ್ತು ಬೇಕಾದರೂ ಎತ್ತಿಕೊಂಡು ಬಸ್ ಹತ್ತಬಹುದು. ಇದನ್ನು ಅವಳಿಗೆ ಹೇಳಲಿಲ್ಲ.

ಬೇಸಿಗೆ ಶುರುವಾಗುತ್ತಿದ್ದಂತೆ ಒಂಟಿ ಸಲಗವೊಂದು ನಮ್ಮ ಊರಿನ ಸುತ್ತ ಓಡಾಡತೊಡಗಿತು. ಪಕ್ಕದ ಗಿರಿಜನರ ಹಾಡಿಯಿಂದ ಸೌದೆಗೆ ಹೋದವನೊಬ್ಬನನ್ನು ಎತ್ತಿ ಎಸೆಯಿತು. ಅವನು ಬದುಕಿಕೊಂಡ, ಆದರೆ ಕಾಲು ಹೋಯಿತು. ಅರಣ್ಯ ಇಲಾಖೆಯವರು ಜೀಪಿನಲ್ಲಿ ಮೈಕು ಕಟ್ಟಿಕೊಂಡು ಬಂದು, ಸಲಗವನ್ನು ಕಾಡಿಗೆ ಅಟ್ಟುವವರೆಗೆ ಯಾರೂ ಮನೆ ಬಿಟ್ಟು ಹೊರಗೆ ಬರಬಾರದೆಂದು ಸಾರಿದರು. ಶಾಲೆಗೆ ರಜೆ ಕೊಟ್ಟರು. ಬಸ್ಸು ನಿಂತಿತು. ಶನಿವಾರ ಬಂತು, ನನಗೆ ಮನೆಗೆ ಹೋಗಲಾಗಲಿಲ್ಲ. ಫೋನಿನಲ್ಲಿ ಮಗಳು, "ಆನೆ ನಿನ್ನ ಮನೆ ಹತ್ರಾನೇ ಯಾಕಮ್ಮ ಬರಬೇಕು?" ಎಂದು ಅತ್ತಳು.

ಆ ದಿನಗಳಲ್ಲಿ ನಾನೂ ಅಕ್ಕನೂ ಅಡುಗೆಮನೆಯಲ್ಲೇ ಕೂತಿರುತ್ತಿದ್ದೆವು. ಹಿತ್ತಿಲಲ್ಲಿ ಅಂಜೂರ ಹಣ್ಣಾಗಿ ಬಿರಿದು ಉದುರುತ್ತಿತ್ತು, ಆಯುವವರಿಲ್ಲ. ಅದರ ಹುಳಿ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಸೆಕೆಗೆ ನನ್ನ ಸೈಕ್ಲಮೆನ್ನಿನ ಎಲೆ ಒಂದೊಂದೇ ಹಳದಿಯಾಗತೊಡಗಿತ್ತು. ನನಗೆ ಉಸಿರು ಕಟ್ಟಿದಂತಾಗಿ ಒಂದು ಮಧ್ಯಾಹ್ನ ಸುಮ್ಮಸುಮ್ಮನೆ ರೇಗಿದೆ. "ಅದೆಂಗಕ್ಕ ಇರ್ತೀರ ಇಲ್ಲಿ? ನನಗಂತೂ ಇನ್ನೊಂದು ದಿನ ಆಗಲ್ಲ."

ಅಕ್ಕ ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. "ನಮ್ಮೂರಲ್ಲಿ ಸಂಜೆ ಅಂದ್ರೆ ಒಳೆ ದಂಡೆ ಕಣವ್ವ. ಕತ್ಲಾದ್ರೂ ನೀರಿಂದ ಏಳ್ತಿರಲಿಲ್ಲ ನಾವು. ಮದ್ವೆಯಾಗಿ ಬಂದ ದಿನಾನೇ ನಮ್ಮತ್ತೆ ಏಳುದ್ರು, ಒತ್ತು ಮುಳುಗಿದ್ ಮೇಲೆ ಇತ್ಲ ಬಾಗ್ಲು ತಗೀಬ್ಯಾಡ ಅಂತ. ಇವತ್ತಿಗಂಟ ತಗುದಿಲ್ಲ. ನಿಮಗೆ ವಾರ ಆಯ್ತು, ನಂಗೆ ಮಗ ಎದೆಯೆತ್ರ ಆಗಿ ದುಡಿಯಕೋದ."

ನಾನೂ ಹತ್ತಿರ ಸರಿದು ಕಾಳು ಹಿಸುಕತೊಡಗಿದೆ.

ಮಾರನೆಯ ದಿನ ಬೆಳಗ್ಗೆ, ಬೆಳಕು ಚೆನ್ನಾಗಿ ಹರಿದ ಮೇಲೆ, ಸಲಗ ಹೊಳೆಯ ಕಡೆ ಹೋಯಿತಂತೆ ಎಂದು ಯಾರೋ ಹೇಳಿದರು. ಆ ಧೈರ್ಯದ ಮೇಲೆ ನಾನು ಹಿತ್ತಿಲು ದಾಟಿ ಬಚ್ಚಲಿಗೆ ಸ್ನಾನಕ್ಕೆ ಹೋದೆ. ಎರಡು ಚೊಂಬು ಸುರಿದುಕೊಂಡಿರಬೇಕು, ಹೊರಗೆ ಕಾಂಪೌಂಡಿನ ಕಲ್ಲು ಉರುಳಿತು. ಆಮೇಲೆ ಹೊಟ್ಟೆಯೊಳಗಿನಿಂದ ಬರುವಂಥ ಒಂದು ಗುಡುಗು. ತಗಡಿನ ಬಾಗಿಲಿನ ಸಂದಿಯಲ್ಲಿ ಬೆಳಕು ಇಲ್ಲವಾಯಿತು. ಸಲಗ ಅಷ್ಟು ಹತ್ತಿರ ನಿಂತಿತ್ತು.

ಅಂಜೂರದ ಕೊಂಬೆ ಲಟಕ್ಕೆಂದು ಮುರಿಯಿತು. ಬೇರು ಸೀಳಿದ್ದ ಗೋಡೆ ನನ್ನ ಬೆನ್ನಿಗೇ ಅಲುಗಿತು. ಮೈಮೇಲೆ ಒದ್ದೆ ಲಂಗ, ಕೈಯಲ್ಲಿ ಚೊಂಬು. ಚೊಂಬನ್ನು ಕೆಳಗಿಡಲೂ ಭಯ, ಸದ್ದಾದರೆ ಎಂದು. ಹಂಡೆಯ ನೀರು ಕುದಿಯುತ್ತಿತ್ತು, ಹೊಗೆ ಕಣ್ಣಿಗೆ ತುಂಬಿತು, ಕೆಮ್ಮು ಬರುತ್ತಿತ್ತು. ಸೆರಗಿರಲಿಲ್ಲ, ಮುಂಗೈಯನ್ನೇ ಕಚ್ಚಿಕೊಂಡೆ.

ಅಡುಗೆಮನೆಯ ಕಿಟಕಿಯಿಂದ ಅಕ್ಕನ ಗಂಡನ ದನಿ ಕೇಳಿಸಿತು. "ಪಟಾಕಿ ತತ್ತೀನಿ ತಡಿ. ಇವತ್ತು ಮರ ಪೂರ್ತಿ ಮುಗುಸ್ತದೆ."

"ಬ್ಯಾಡಿ!" ಅಕ್ಕನ ಪಿಸುಮಾತು ನನಗೆ ಸ್ಪಷ್ಟವಾಗಿ ಕೇಳಿತು. "ಪಟಾಕಿ ಒಡುದ್ರೆ ಬೆದ್ರಿ ಬಚ್ಚಲ ಮ್ಯಾಲೇ ನುಗ್ತದೆ. ಒಳಗೆ ಟೀಚರಮ್ಮ ಅವ್ರೆ."

"ಮರ ಓಯ್ತದಲ್ಲೇ."

"ಓಗ್ಲಿ. ತಿನ್ಲಿ ಬುಡಿ. ಒಟ್ಟೆ ತುಂಬುದ್ರೆ ಅದೇ ಓಯ್ತದೆ."

ಅದು ತಿಂದಿತು. ಅವಸರವಿಲ್ಲದೆ, ಒಂದೊಂದೇ ಕೊಂಬೆ ಎಳೆದು, ತೊಗಟೆ ಸುಲಿದು, ಹಣ್ಣು ಸಮೇತ ತಿಂದಿತು. ಒಮ್ಮೆ ಸೊಂಡಿಲು ಬಚ್ಚಲಿನ ಹಂಚನ್ನು ಸವರಿತು, ಎರಡು ಹಂಚು ಜಾರಿ ನನ್ನ ಕಾಲ ಬಳಿ ಒಡೆದವು. ನಾನು ಕೂಗಲಿಲ್ಲ. ಮಗಳ ಮುಖವನ್ನು ನೆನೆಯಲು ನೋಡಿದೆ, ಬರಲಿಲ್ಲ. ಒಲೆಯ ಕೆಂಡ ಮಾತ್ರ ಕಾಣುತ್ತಿತ್ತು. ಎಷ್ಟು ಹೊತ್ತೋ, ಒಲೆ ಆರುತ್ತಾ ಬಂದಾಗ ಬಾಗಿಲಿನ ಸಂದಿಯಲ್ಲಿ ಮತ್ತೆ ಬೆಳಕು ಬಂತು. ಅಕ್ಕ ಓಡಿ ಬಂದು ಬಾಗಿಲು ಎಳೆದು, ತನ್ನ ಕಂಬಳಿಯನ್ನು ನನ್ನ ಮೇಲೆ ಹೊದಿಸಿ ಒಳಗೆ ಕರೆದುಕೊಂಡು ಹೋದಳು.

ಮರದಲ್ಲಿ ಮೊಣಕಾಲೆತ್ತರದ ಮೋಟು ಉಳಿದಿತ್ತು. ಎರಡು ದಿನದ ಮೇಲೆ ಪಳಗಿದ ಆನೆಗಳನ್ನು ತಂದು ಸಲಗವನ್ನು ಕಾಡಿನೊಳಕ್ಕೆ ಅಟ್ಟಿದರು. ಹೋಗುವ ಮುಂಚೆ ಗಾರ್ಡ್ ಒಬ್ಬರು ಬಂದು, ರುಚಿ ಹತ್ತಿದೆ, ಚಿಗುರಿದರೆ ಹುಡುಕಿಕೊಂಡು ಮತ್ತೆ ಬರುತ್ತದೆ, ಬುಡ ಕಿತ್ತುಬಿಡಿ ಎಂದರು. ಬುಡ ಬಚ್ಚಲಿನ ತಳಪಾಯದೊಳಗೆ ಹೊಕ್ಕಿತ್ತು, ಕೀಳಲಾಗಲಿಲ್ಲ. ಅದು ತಿಂಗಳೊಳಗೆ ಚಿಗುರಿತು. ಅಕ್ಕ ಬೆಳಗ್ಗೆ ಎದ್ದು ಪಾತ್ರೆ ಬೆಳಗುವ ಮುಂಚೆ ಹೋಗಿ ಆ ಚಿಗುರನ್ನು ಚಿವುಟಿ ಬರುತ್ತಿದ್ದಳು. ಅದು ಮತ್ತೆ ಚಿಗುರುತ್ತಿತ್ತು, ಅವಳು ಮತ್ತೆ ಚಿವುಟುತ್ತಿದ್ದಳು. "ನಾನು ಚಿವುಟ್ತೀನಿ ಬಿಡಿ ಅಕ್ಕ" ಎಂದರೆ, "ಬ್ಯಾಡ, ಆಲು ತಾಗಿ ನಿಮಗೆ ನವೆ ಆಯ್ತದೆ" ಎನ್ನುತ್ತಿದ್ದಳು.

ಬಸ್ಸು ಶುರುವಾದ ಮೊದಲ ದಿನವೇ ನಾನು ಊರಿಗೆ ಓಡಿದೆ. ಮಗಳನ್ನು ಬಿಟ್ಟು ಬರಲಾಗದೆ ರಜೆ ಹಾಕಿ ಒಂದಷ್ಟು ದಿನ ಅಲ್ಲೇ ಉಳಿದೆ. ತಿರುಗಿ ಬಂದಾಗ ಸೈಕ್ಲಮೆನ್ ಕುಂಡದಲ್ಲಿ ಒಂದೂ ಎಲೆ ಇರಲಿಲ್ಲ. ಗೆಡ್ಡೆ ಮುಟ್ಟಿದರೆ ಕೊಳೆತ ಈರುಳ್ಳಿಯಂತೆ ಬೆರಳು ಒಳಗಿಳಿಯಿತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಬಾಡ್ತಾ ಅದೆ ಅಂತ ದಿನಾ ಎರಡೊತ್ತು ಮ್ಯಾಲಿಂದ ನೀರುಯ್ದೆ ಟೀಚರಮ್ಮ. ಅದ್ಯಾಕೆ ಏಳ್ನಿಲ್ವೋ."

ಅದು ಮಲಗುತ್ತಿತ್ತು, ಒಣಗಲು ಬಿಡಬೇಕಿತ್ತು ಎಂದು ಹೇಳಲು ಬಾಯಿ ಬರಲಿಲ್ಲ. ಅವಳು ತನ್ನ ಮರ ಬೆಳೆಸಿದ ರೀತಿಯಲ್ಲೇ ನನ್ನ ಗಿಡವನ್ನೂ ನೋಡಿಕೊಂಡಿದ್ದಳು. "ಸೆಕೆಗೆ ಹೋಯ್ತು ಬಿಡಿ ಅಕ್ಕ" ಎಂದೆ. ಮಣ್ಣನ್ನು ಹಿತ್ತಿಲಿಗೆ ಸುರಿದೆವು. ಅಲ್ಲಿ ಅವಳು ಮೆಣಸಿನ ಸಸಿ ಹಾಕಿದಳು. ಆನೆ ಮೆಣಸಿನ ತಂಟೆಗೆ ಬರುವುದಿಲ್ಲ.

ಮಳೆಗಾಲದ ಹೊತ್ತಿಗೆ ಊರಿನ ಸುತ್ತ ಸೋಲಾರ್ ಬೇಲಿ ಬಂತು. ಸಂಜೆ ಗೇಟು ಹಾಕಿ ತಂತಿಗೆ ಕರೆಂಟು ಕೊಡುತ್ತಾರೆ, ಬೆಳಗ್ಗೆ ತೆಗೆಯುತ್ತಾರೆ. ಊರಿನವರಿಗೆಲ್ಲ ನೆಮ್ಮದಿ. ನನಗೂ ನೆಮ್ಮದಿಯೇ. ಆದರೂ ಗೇಟು ಎಳೆಯುವ ಸದ್ದು ಕೇಳಿದಾಗಲೆಲ್ಲ, ಶನಿವಾರಕ್ಕೆ ಇನ್ನೆಷ್ಟು ದಿನ ಎಂದು ಎಣಿಸುತ್ತೇನೆ.

ಆ ವರ್ಷದ ವರ್ಗಾವಣೆಯ ಪಟ್ಟಿಯಲ್ಲೂ ನನ್ನ ಹೆಸರು ಬರಲಿಲ್ಲ. ಮನೆಯಿಂದಲೇ ದಿನಾ ಹೋಗಿ ಬರಬಹುದಾದ ಕಂಪಲಾಪುರದ ಶಾಲೆಯೊಂದರಲ್ಲಿ ಹುದ್ದೆ ಖಾಲಿಯಿತ್ತು, ಸಿಕ್ಕೇ ಸಿಗುತ್ತದೆ ಎಂದುಕೊಂಡಿದ್ದೆ, ಬೇರೆಯವರಿಗೆ ಹೋಯಿತು. ಗಂಡನಿಗೆ ಫೋನ್ ಮಾಡಿ ಹೇಳಿ, ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಕೂತೆ. ಅಕ್ಕ ತಟ್ಟೆಗೆ ಬಿಸಿ ಮುದ್ದೆ ಹಾಕಿ, ಉಪ್ಸಾರು ಬಿಟ್ಟು ಮುಂದಿಟ್ಟಳು.

"ಅಂಗಾರೆ ಇನ್ನೊಂದೊರ್ಸ ಇರ್ತೀರಾ" ಎಂದಳು. ಮುಖದ ಮೇಲಿನ ಸಂತೋಷವನ್ನು ಮುಚ್ಚಲು ಒಲೆಯ ಕಡೆ ತಿರುಗಿಕೊಂಡಳು.

ನನಗೆ ಸಿಟ್ಟು ಬಂತು, ಅಳುವೂ ಬಂತು. ಮುದ್ದೆ ಆರುವ ಮುಂಚೆ ಊಟಕ್ಕೆ ಕೈ ಹಾಕಿದೆ.