ಬುರ್ಮಾಕಾನ್ ಜೋಡಿಸುವ ಕರೆಗಳು

ಬೆಳಗಿನ ಐದೂವರೆ. ಅಧ್ಯಕ್ಷರ ಭವನದ ಹಿಂಬದಿ ಕೋಣೆಯಲ್ಲಿ ಟೆಲಿಫೋನ್ ನಿರ್ವಾಹಕಿ ಬುರ್ಮಾಕಾನ್ ಚಹಾದ ಬಟ್ಟಲನ್ನು ಕಿಟಕಿಯತ್ತ ಸರಿಸಿ ಹೆಡ್‌ಫೋನ್ ಏರಿಸಿಕೊಳ್ಳುತ್ತಾರೆ. ಎದುರಿನ ಸ್ವಿಚ್‌ಬೋರ್ಡ್ ಹಲಗೆಯಲ್ಲಿ ಪುಟ್ಟ ದೀಪ ಹತ್ತುತ್ತದೆ. ಅಧ್ಯಕ್ಷರು ಎದ್ದಿದ್ದಾರೆ.

"ಹೇಳಿ, ಯಾರಿಗೆ ಕೊಡ್ಲಿ?"

ಮೂವತ್ತೊಂದು ವರ್ಷದಿಂದ ಇದೇ ಕುರ್ಚಿ. ಅಧ್ಯಕ್ಷರು ನಾಲ್ವರು ಬಂದರು, ಕುರ್ಚಿಯ ಮೆತ್ತೆ ಬದಲಾದದ್ದು ಎರಡೇ ಸಲ. ದಿನಕ್ಕೆ ನೂರನಲವತ್ತು ಕರೆ. ಮುನ್ನೂರು ನಂಬರು ಬಾಯಿಪಾಠ. "ನನ್ನ ಮಗಂದು ಮಾತ್ರ ಬರೆದಿಟ್ಕೊಂಡಿದೀನಿ" ಎಂದು ನಗುತ್ತಾರೆ.

ಎರಡೂ ಕಡೆ ದನಿ ಸೇರಿತೇ ಎಂದು ಕೇಳಿಸಿಕೊಂಡು ಕೂಡಲೇ ಕಿವಿ ಬಿಡಿಸಿಕೊಳ್ಳಬೇಕು. "ಅದೇನು ಕಷ್ಟ ಇಲ್ಲ. ನಮ್ಮ ಜನ ಹೆಂಡ್ತಿ, ಮಕ್ಕಳು, ಕುರಿ, ಕುದುರೆ ಎಲ್ಲಾ ವಿಚಾರಿಸ್ದೆ ವಿಷಯಕ್ಕೆ ಬರಲ್ಲ. ಅವರು ಕುರಿ ಹತ್ರ ಬರೋಷ್ಟರಲ್ಲಿ ನಾನು ಹೆಡ್‌ಫೋನ್ ತೆಗೆದಿರ್ತೀನಿ."

ಒಮ್ಮೆ ತಪ್ಪಿದ್ದಾರೆ. ಶುಭಸುದ್ದಿಯನ್ನು ಮೊದಲು ತಂದವರಿಗೆ 'ಸುಯುಂಚು' ಉಡುಗೊರೆ ಕೊಡದ ಮನೆ ಇಲ್ಲಿಲ್ಲ. ಸೇರಿದ ಎರಡನೇ ವರ್ಷ, ಅದರಾಸೆಗೆ, ಮಾವನಿಗೆ ದೊಡ್ಡ ಹುದ್ದೆ ಸಿಕ್ಕಿತೆಂದು ಓಡಿಹೋಗಿ ಹೇಳಿದರು. ಮಾವ ಕುದುರೆ ಕಡಿಸಿ ಬೀದಿಗೆಲ್ಲ ಊಟ ಹಾಕಿದ. ಮಧ್ಯಾಹ್ನಕ್ಕೆ ಹುದ್ದೆ ಬೇರೆಯವರದಾಗಿತ್ತು. "ಈಗ್ಲೂ ನನ್ನ ಕಂಡ್ರೆ 'ನನ್ನ ಕುದುರೆ ಎಲ್ಲೇ?' ಅಂತಾನೆ." ಇನ್ನೊಮ್ಮೆ ಬಾಯಿಬಿಟ್ಟರೆ ಕೆಲಸವಿಲ್ಲ ಎಂಬ ಎಚ್ಚರಿಕೆ ಅವರ ಕಡತದಲ್ಲಿ ಇಂದಿಗೂ ಇದೆ.

ಈ ವಸಂತದಲ್ಲಿ ನೀರಾವರಿ ಮಂತ್ರಿ ಯಾರೆಂಬ ಜಗಳ. ಅಧ್ಯಕ್ಷರ ಮನಸ್ಸಿನಲ್ಲಿದ್ದವಳು ಎಂಜಿನಿಯರ್ ಚಿನಾರ್. ದೊಡ್ಡವರ ಹೊಲಕ್ಕೆ ಕದ್ದು ಹರಿಯುತ್ತಿದ್ದ ನೀರಿಗೆ ಬೀಗ ಜಡಿದವಳು, ಹಾಗಾಗಿ ಸಂಸತ್ತಿನ ಅರ್ಧ ಜನಕ್ಕೆ ಬೇಡ. ಮೂರು ವಾರ ದಿನಕ್ಕೆ ಇನ್ನೂರೈವತ್ತು ಕರೆ. ಚಿನಾರಳ ತಾಯಿ, ಎಂಬತ್ತರ ಸೈರಾ ಅಮ್ಮ, ಬುರ್ಮಾಕಾನರ ಪಕ್ಕದ ಮನೆಯವರು.

ಒಂದು ಗುರುವಾರ ಬೆಳಗ್ಗೆ ಅಧ್ಯಕ್ಷರೇ ಪದ್ಧತಿ ಮುರಿದರು. "ಅವತ್ತು ಕುರಿ ವಿಚಾರಿಸ್ಲಿಲ್ಲ. ಅದಕ್ಕಿಂತ ಹೆಚ್ಚು ನನ್ನ ಕೇಳ್ಬೇಡಿ" ಎನ್ನುತ್ತಾರೆ ಬುರ್ಮಾಕಾನ್. ಹೆಡ್‌ಫೋನ್ ತೆಗೆಯುವ ಮೊದಲೇ ಹೆಸರು ಕಿವಿಗೆ ಬಿದ್ದಿತ್ತು. ಘೋಷಣೆ ಸಂಜೆ ಏಳಕ್ಕೆ.

ಮಧ್ಯಾಹ್ನ ಮನೆಗೆ ಬಂದರೆ ಸೈರಾ ಅಮ್ಮ ಚಹಾಕ್ಕೆ ಕೂರಿಸಿಕೊಂಡರು.

"ಏನೇ, ಮುಖ ಒಣಗಿದ ಮೊಸರುಂಡೆ ಥರ ಇದೆ?"

"ನಿದ್ದೆ ಇಲ್ಲ ಅಮ್ಮ."

"ನನ್ನ ಮಗಳಿಗೆ ಇಲ್ಲ ಅನ್ನೋದಾದ್ರೆ ಈಗ್ಲೇ ಇಲ್ಲ ಅನ್ನು. ಅಳೋದನ್ನ ಬೇಗ ಮುಗಿಸ್ಕೋತೀನಿ."

"ಹಣ್ಣಿನ ಜಾಮು ಇನ್ನೊಂಚೂರು ಹಾಕಿ."

ಸಂತೋಷ ಗಂಟಲಿಗೆ ಬಂದು ನಿಂತಿತ್ತು. ಬುರ್ಮಾಕಾನ್ ಅದರ ಮೇಲೆ ಮೂರು ಬಟ್ಟಲು ಚಹಾ ಸುರಿದು ಎದ್ದುಬಂದರು.

ಸಂಜೆ ಟೀವಿಯಲ್ಲಿ ಚಿನಾರಳ ಹೆಸರು ಕೇಳಿ ಸೈರಾ ಅಮ್ಮನ ಮನೆಗೆ "ಸುಯುಂಚು" ಎನ್ನುತ್ತ ಮೊದಲು ಓಡಿದವಳು ಎದುರುಮನೆಯ ದರ್ಜಿ. ಅವಳಿಗೊಂದು ರೇಷ್ಮೆ ವಸ್ತ್ರ. ಮರುದಿನ ಸೈರಾ ಅಮ್ಮ ಬಿಳಿ ಉಣ್ಣೆಯ ಶಾಲು ಹಿಡಿದು ಇವರ ಬಾಗಿಲಿಗೆ ಬಂದರು.

"ಬೆಳಗ್ಗಿಂದ ಗೊತ್ತಿತ್ತು ಅಲ್ವೇನೇ ಕಳ್ಳಿ?"

"ಒಳಗೆ ಬನ್ನಿ ಅಮ್ಮ, ಚಹಾ ಬಿಸಿ ಇದೆ" ಎಂದರು ಬುರ್ಮಾಕಾನ್.

"ಈಗ್ಲೂ ಹೇಳಲ್ಲ ನೋಡು! ಹಂಗೇ ಇರು ತಾಯಿ. ನಾಳೆಯಿಂದ ನನ್ನ ಮಗಳ ಮಾತೂ ನಿನ್ನ ತಂತಿ ಮೇಲೇ ಹೋಗ್ಬೇಕು" ಎಂದು ಮುದುಕಿ ಹೆಗಲಿಗೆ ಶಾಲು ಹೊದಿಸಿದರು.

ನಿವೃತ್ತಿಗೆ ಇನ್ನೆರಡು ವರ್ಷ. ಶಾಲಿನ ಅಂಚು ಸವರುತ್ತ ಬುರ್ಮಾಕಾನ್ ಹೇಳುತ್ತಾರೆ: "ಸುದ್ದಿ ತಂದೋರಿಗೆ ಎಲ್ರೂ ಕೊಡ್ತಾರೆ. ತರದೆ ಇದ್ದಿದ್ದಕ್ಕೆ ತಗೊಂಡೋಳು ನಮ್ಮ ಬೀದೀಲಿ ನಾನೊಬ್ಳೇ."